ಖಾಲಿ ರಸ್ತೆ, 140ರ ವೇಗ ಮತ್ತು ಒಂದೂವರೆ ಸೆಕೆಂಡ್

ಪ್ರಶ್ನೆ: ನನಗೆ 26 ವರ್ಷ. ಊರು ಕುಷ್ಟಗಿ, ಕೆಲಸ ತೋರಣಗಲ್ಲಿನಲ್ಲಿ. ಶನಿವಾರ ಬಿ ಶಿಫ್ಟ್ ಮುಗಿಸಿ ರಾತ್ರಿ ಹನ್ನೊಂದರ ಸುಮಾರಿಗೆ ಹೊಸಪೇಟೆ ದಾಟುತ್ತೇನೆ. ಹಿಟ್ನಾಳ ಆದ ಮೇಲೆ ಹೈವೇ ಖಾಲಿ. ಹೋದ ವರ್ಷ ಟರ್ಬೊ ಪೆಟ್ರೋಲ್ ಕಾರು ತಗೊಂಡೆ. 140ರಲ್ಲಿ ಹೋಗ್ತೀನಿ, ಗಾಡಿ ಅಲುಗಾಡಲ್ಲ. ಆ ಖುಷಿ ಬೇರೆ ಯಾವುದರಲ್ಲೂ ಸಿಗಲ್ಲ. ಇಲ್ಲಿಯವರೆಗೆ ಕಾರಿಗೆ ಒಂದು ಗೀರೂ ಬಿದ್ದಿಲ್ಲ. ಸೇಫ್ಟಿಗೆ ಐದು ಸ್ಟಾರ್ ಇದೆ, ಎಬಿಎಸ್ ಇದೆ, ಆರು ಏರ್‌ಬ್ಯಾಗ್ ಇದೆ. ಆದರೂ ಅಪ್ಪ ನನ್ನ ಕಾರು ಹತ್ತಲ್ಲ. "ನೀ ಗಾಡಿ ಓಡ್ಸಂಗಿಲ್ಲ, ಹಾರ್ಸ್ತಿ" ಅಂತಾರೆ. ಕಂಟ್ರೋಲ್ ಇರುವವನಿಗೆ 140 ಅಷ್ಟೊಂದು ಅಪಾಯವಾ? ಇನ್ನೊಂದು, 120 ದಾಟಿದರೆ ಬಿಡದೆ ಹೊಡೆದುಕೊಳ್ಳುವ ಬೀಪ್ ತೆಗೆಸಬಹುದಾ?

ಉತ್ತರ: ಮೊದಲು ಖುಷಿಯ ಮಾತು. ಅದು ಸುಳ್ಳಲ್ಲ. ವೇಗ ಅಂದ ಕೂಡಲೇ ಬೈಯಲು ಶುರು ಮಾಡುವವರು ಒಂದೋ ಒಳ್ಳೆಯ ಗಾಡಿ ಓಡಿಸಿಲ್ಲ, ಇಲ್ಲಾ ಓಡಿಸಿದ್ದನ್ನು ಮರೆತಿದ್ದಾರೆ. ವೇಗ ಏರಿದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತೆ. ಎದೆ ಹೊಡೆದುಕೊಳ್ಳುತ್ತೆ, ಕಣ್ಣು ಅರಳುತ್ತೆ, ಮನಸ್ಸು ಒಂದೇ ಕಡೆ ನಿಲ್ಲುತ್ತೆ. ಶಿಫ್ಟಿನ ಕಿರಿಕಿರಿ, ಇಎಂಐ, ಮನೆಯಲ್ಲಿ ಮದುವೆ ಮಾತು ಎಲ್ಲ ಹಿಂದೆ ಉಳಿಯುತ್ತೆ. ನಿಮಗೆ ಇಷ್ಟವಾಗಿರುವುದು ಬರೀ ವೇಗ ಅಲ್ಲ, ಆ ಹೊತ್ತು ತಲೆ ಖಾಲಿಯಾಗುವುದು ಕೂಡ ಅಂತ ನನ್ನ ಊಹೆ.

ಈ ಹುಚ್ಚು ಹೊಸದೂ ಅಲ್ಲ. ಗಂಟೆಗೆ 100 ಕಿ.ಮೀ. ಗಡಿಯನ್ನು ಕಾರೊಂದು ಮೊದಲು ದಾಟಿದ್ದು 1899ರಲ್ಲಿ. ಓಡಿಸಿದವನು ಬೆಲ್ಜಿಯಂನ ಕಮೀಲ್ ಜೆನಾಟ್ಜಿ, ವೇಗ 105.88 ಕಿ.ಮೀ. ತಮಾಷೆ ಅಂದ್ರೆ ಅದು ಬ್ಯಾಟರಿ ಕಾರು. ಸುಮಾರು ನೂರು ವರ್ಷದ ನಂತರ, 1997ರಲ್ಲಿ, ಬ್ರಿಟನ್ನಿನ ಆಂಡಿ ಗ್ರೀನ್ ಅಮೆರಿಕದ ನೆವಾಡಾದಲ್ಲಿ ಒಣಗಿದ ಕೆರೆಯಂಗಳದ ಮೇಲೆ ಗಂಟೆಗೆ 1,227 ಕಿ.ಮೀ. ದಾಟಿಸಿದರು. ಶಬ್ದದ ವೇಗಕ್ಕಿಂತ ಜಾಸ್ತಿ. ಆದರೆ ಆ ಓಟದ ಸುದ್ದಿಯಲ್ಲಿ ನನಗೆ ಇವತ್ತಿಗೂ ನೆನಪಿರುವುದು ವೇಗ ಅಲ್ಲ. ಗಾಡಿ ಬಿಡುವ ಮುಂಚೆ ಜನ ಸಾಲಾಗಿ ನಡೆದು ಆ ನೆಲದ ಮೇಲಿನ ಕಲ್ಲುಗಳನ್ನು ಒಂದೊಂದಾಗಿ ಆರಿಸಿದ್ದರು. ಈ ಕಲ್ಲಿನ ವಿಷಯ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಈಗ ನಿಮ್ಮ ಕಂಟ್ರೋಲ್. ನಾನು ವಾಹನ ವಿಮೆಯ ಸರ್ವೇಯರ್. ಇಪ್ಪತ್ತು ವರ್ಷಕ್ಕೂ ಮೇಲೆ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಜಜ್ಜಿಹೋದ ಗಾಡಿಗಳನ್ನು ನೋಡುವುದೇ ನನ್ನ ಕೆಲಸ. ಬದುಕಿ ಉಳಿದವರ ಹೇಳಿಕೆಯನ್ನೂ ಬರೆದುಕೊಳ್ಳುತ್ತೇನೆ. "ಕಂಟ್ರೋಲ್ ಇರಲಿಲ್ಲ ಸರ್" ಅಂತ ಹೇಳಿದವರು ಬಹಳ ಕಡಿಮೆ. "ಎಲ್ಲಾ ಸರಿ ಇತ್ತು ಸರ್, ಅದು ಎಲ್ಲಿಂದ ಬಂತೋ ಗೊತ್ತಾಗಲಿಲ್ಲ" ಅನ್ನುವವರೇ ಜಾಸ್ತಿ. ಅವರು ಸುಳ್ಳು ಹೇಳುತ್ತಿಲ್ಲ. ನಿಜವಾಗಿಯೂ ಅದು ಬರುವ ತನಕ ಎಲ್ಲಾ ಸರಿ ಇತ್ತು.

140 ಅಂದ್ರೆ ಸೆಕೆಂಡಿಗೆ 39 ಮೀಟರ್. ಮುಂದೆ ಏನೋ ಇದೆ ಅಂತ ಕಣ್ಣಿಗೆ ಬಿದ್ದು, ಅದು ಏನು ಅಂತ ತಲೆಗೆ ಹೊಳೆದು, ಕಾಲು ಬ್ರೇಕ್ ಮೇಲೆ ಹೋಗುವುದಕ್ಕೆ ಎಚ್ಚರ ಇರುವ ಮನುಷ್ಯನಿಗೂ ಒಂದೂವರೆ ಸೆಕೆಂಡ್ ಹಿಡಿಯಬಹುದು. ಅಷ್ಟರಲ್ಲಿ ನೀವು 58 ಮೀಟರ್ ಹೋಗಿರುತ್ತೀರಿ. ಬ್ರೇಕ್ ಇನ್ನೂ ಶುರುವೇ ಆಗಿಲ್ಲ. ರಾತ್ರಿ ಡಿಮ್ ಲೈಟಿನಲ್ಲಿ ರಸ್ತೆ ಚೆನ್ನಾಗಿ ಕಾಣುವುದು ಸುಮಾರು 50 ಮೀಟರ್ ತನಕ. ಲೆಕ್ಕ ನೀವೇ ಹಾಕಿ. ಎದುರಿನವರಿಗಾಗಿ ಡಿಮ್ ಮಾಡಿದ ಹೊತ್ತಿನಲ್ಲಿ ಲೈಟಿಲ್ಲದ ಟ್ರಾಲಿ ಸಿಕ್ಕರೆ, ನಿಮ್ಮ ಕಾಲು ಬ್ರೇಕ್ ಮುಟ್ಟುವಾಗ ನೀವು ಅದರೊಳಗೆ ಹೊಕ್ಕಿರುತ್ತೀರಿ. ಇದರಲ್ಲಿ ಕೈಚಳಕಕ್ಕೆ ಜಾಗ ಎಲ್ಲಿದೆ? ಕೈಚಳಕ ತೋರಿಸುವುದಕ್ಕೂ ಒಂದಿಷ್ಟು ಸಮಯ ಬೇಕು. ವೇಗ ಮೊದಲು ತಿನ್ನುವುದೇ ಅದನ್ನು.

ಇನ್ನೊಂದು ಲೆಕ್ಕ ಇದೆ. ಡ್ರೈವಿಂಗ್ ಕಲಿಯುವ ಹುಡುಗರಿಗೆ ನಾನು ಇದನ್ನು ಹೇಳಿದಾಗ ಯಾರೂ ಮೊದಲ ಸಲಕ್ಕೆ ನಂಬಲ್ಲ. ಒಂದೇ ಥರದ ಎರಡು ಕಾರು ಪಕ್ಕಪಕ್ಕ ಬರುತ್ತಿವೆ. ಒಂದು 100ರಲ್ಲಿ, ಇನ್ನೊಂದು 140ರಲ್ಲಿ. ಇಬ್ಬರಿಗೂ ಒಂದೇ ಜಾಗದಲ್ಲಿ ಎಮ್ಮೆ ಕಂಡಿತು. ಇಬ್ಬರೂ ಒಂದೂವರೆ ಸೆಕೆಂಡಿಗೆ ಬ್ರೇಕ್ ಒತ್ತಿದರು. ರಸ್ತೆ ಒಣಗಿದೆ, ಟೈರ್ ಚೆನ್ನಾಗಿದೆ. 100ರ ಕಾರು ಸುಮಾರು 98 ಮೀಟರಿಗೆ ನಿಂತಿತು, ಎಮ್ಮೆಯ ಮೂತಿಗೆ ಬಂಪರ್ ತಾಗಿತು ಅಂತ ಇಟ್ಟುಕೊಳ್ಳಿ. ಆ ಜಾಗದಲ್ಲಿ 140ರ ಕಾರಿನ ವೇಗ ಎಷ್ಟಿರುತ್ತೆ? "40" ಅಂತಾರೆ ಎಲ್ಲರೂ. ಅಲ್ಲ. ಸುಮಾರು 112. ಪಕ್ಕದವನು ಬ್ರೇಕ್ ಒತ್ತುವ ಮುಂಚೆ ಹೋಗುತ್ತಿದ್ದ ವೇಗಕ್ಕಿಂತ ಜಾಸ್ತಿ.

112 ಅಂದ್ರೆ ಏನು ಅಂತ ಮನಸ್ಸಿಗೆ ನಾಟಬೇಕಾದರೆ ಹಂಪಿಯ ವಿರೂಪಾಕ್ಷ ಗುಡಿಯ ದೊಡ್ಡ ಗೋಪುರ ನೆನಪಿಸಿಕೊಳ್ಳಿ. ಸುಮಾರು 50 ಮೀಟರ್ ಎತ್ತರ. ಅದರ ತುದಿಯಿಂದ ಕಾರನ್ನು ಕೆಳಗೆ ಬಿಟ್ಟರೆ ನೆಲ ಮುಟ್ಟುವಾಗ ಇರುವ ವೇಗ ಹೆಚ್ಚುಕಡಿಮೆ ಇದೇ. ಇದು ಪೂರ್ತಿ ಬ್ರೇಕ್ ಒತ್ತಿದ ಮೇಲೆ ಉಳಿದ ವೇಗ ಅನ್ನೋದು ಮರೆಯಬೇಡಿ.

ವೇಗ ಎರಡು ಪಟ್ಟಾದರೆ ಪೆಟ್ಟಿನ ಜೋರು ನಾಲ್ಕು ಪಟ್ಟಾಗುತ್ತೆ, ಅದಕ್ಕೇ ಹೀಗೆ. 100ರಿಂದ 140ಕ್ಕೆ ಹೋದಾಗ ಮುಳ್ಳು ಸ್ವಲ್ಪವೇ ಸರಿಯುತ್ತೆ. ಗಾಡಿ ಹೊತ್ತ ಶಕ್ತಿ ಮಾತ್ರ ಹತ್ತಿರ ಹತ್ತಿರ ದುಪ್ಪಟ್ಟು.

ನಿಮ್ಮ ಐದು ಸ್ಟಾರ್ ವಿಷಯವೂ ಇಲ್ಲೇ ಬರುತ್ತೆ. ಸ್ಟಾರ್ ನೋಡಿ ಕಾರು ತಗೊಂಡಿದ್ದು ಒಳ್ಳೆಯದೇ. ಆದರೆ ಆ ಸ್ಟಾರ್ ಕೊಟ್ಟಿದ್ದು ಯಾವ ವೇಗಕ್ಕೆ ಅಂತ ಶೋರೂಮಿನಲ್ಲಿ ಯಾರೂ ಹೇಳಲ್ಲ. ಕಾರು ಗುದ್ದಿಸಿ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಇರಲಿ, 2023ರಲ್ಲಿ ಶುರುವಾದ ನಮ್ಮ ಭಾರತ್ ಎನ್‌ಕ್ಯಾಪ್ ಇರಲಿ, ಮುಂದಿನಿಂದ ಗುದ್ದಿಸುವ ಪರೀಕ್ಷೆ ನಡೆಯುವುದು ಗಂಟೆಗೆ 64 ಕಿ.ಮೀ. ವೇಗದಲ್ಲಿ. 140ರಲ್ಲಿ ನಿಮ್ಮ ಗಾಡಿ ಹೊತ್ತಿರುವ ಶಕ್ತಿ ಅದರ ಸುಮಾರು ಐದು ಪಟ್ಟು. ಆ ಪೆಟ್ಟಿಗೆ ಸ್ಟಾರ್ ಕೊಟ್ಟವರು ಯಾರೂ ಇಲ್ಲ. ಎಬಿಎಸ್ ಕೂಡ ಗಾಡಿಯನ್ನು ಮಂತ್ರ ಹಾಕಿದ ಹಾಗೆ ನಿಲ್ಲಿಸಲ್ಲ. ಚಕ್ರ ಲಾಕ್ ಆಗದಂತೆ ನೋಡಿಕೊಂಡು ಸ್ಟೇರಿಂಗ್ ನಿಮ್ಮ ಮಾತು ಕೇಳುವ ಹಾಗೆ ಇಡುತ್ತೆ, ಅಷ್ಟೇ. ಪುಡಿ ಜಲ್ಲಿ ಮೇಲೆ ಇನ್ನೂ ಸ್ವಲ್ಪ ಮುಂದೆ ಹೋಗಿ ನಿಲ್ಲುವುದೂ ಉಂಟು.

ಈಗ ಕಲ್ಲಿನ ಕಥೆ. ಅದಿರಿನ ಭರಾಟೆಯ ಕಾಲ. ಬಳ್ಳಾರಿ–ಹೊಸಪೇಟೆ ರಸ್ತೆಯಲ್ಲಿ ಹಗಲೂ ರಾತ್ರಿ ಲಾರಿ. ನನಗಾಗ ನಿಮಗಿಂತ ಸ್ವಲ್ಪ ಜಾಸ್ತಿ ವಯಸ್ಸು, ನಿಮಗಿಂತ ಜಾಸ್ತಿ ಸೊಕ್ಕು. ಒಂದು ನಸುಕಿನಲ್ಲಿ ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕುಡಿತಿನಿ ಕಡೆಯಿಂದ ಬರುತ್ತಿದ್ದೆ. 110ರ ಮೇಲಿದ್ದೆ. ರಸ್ತೆ ಅಪರೂಪಕ್ಕೆ ಖಾಲಿ ಇತ್ತು, ಆ ಖುಷಿಗೇ ಒತ್ತಿದ್ದೆ. ನಿಮಗೆ ಗೊತ್ತಲ್ಲ, ಲಾರಿ ಕೆಟ್ಟು ನಿಂತರೆ ನಮ್ಮವರು ಹಿಂದೆ ದೊಡ್ಡ ಕಲ್ಲು ಸಾಲಾಗಿ ಇಡ್ತಾರೆ. ರಿಪೇರಿ ಮಾಡಿಕೊಂಡು ಹೋಗುವಾಗ ಲಾರಿ ಹೋಗುತ್ತೆ, ಕಲ್ಲು ಅಲ್ಲೇ ಇರುತ್ತೆ. ಅಂಥದ್ದೊಂದು ಕಲ್ಲು. ಎಡಗಡೆ ಮುಂದಿನ ಟೈರ್ ಒಡೆಯಿತು. ಗಾಡಿ ಎರಡು ಸುತ್ತು ತಿರುಗಿ ಹೊಲಕ್ಕಿಳಿಯಿತು. ಗೆಳೆಯನ ತೊಡೆ ಮೂಳೆ ಮುರಿಯಿತು. ನನಗೆ ತುಟಿಗೆ ಮೂರು ಹೊಲಿಗೆ, ಅಷ್ಟೇ. ಅವನು ಇವತ್ತಿಗೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲಾರ. ಮದುವೆ ಊಟಕ್ಕೆ ಹೋದಾಗೆಲ್ಲ ಅವನಿಗೆ ಕುರ್ಚಿ ಹುಡುಕಿ ತರುವವನು ನಾನೇ.

ಕಲ್ಲು ಕಂಡ ತಕ್ಷಣ ಬ್ರೇಕ್ ಒತ್ತಿದೆ ಅಂತ ನಾನು ಎಲ್ಲರಿಗೂ ಹೇಳುತ್ತಿದ್ದೆ. ನನಗೆ ಸ್ಪಷ್ಟವಾಗಿ ನೆನಪಿತ್ತು. ಎರಡು ದಿನ ಬಿಟ್ಟು ಟೇಪ್ ಹಿಡಿದುಕೊಂಡು ಅಲ್ಲಿಗೆ ಹೋದೆ, ವೃತ್ತಿಯ ಚಟ. ಡಾಂಬರಿನ ಮೇಲೆ ಬ್ರೇಕಿನ ಕಪ್ಪು ಗೆರೆ ಶುರುವಾಗಿದ್ದು ಕಲ್ಲು ದಾಟಿ ಹನ್ನೊಂದು ಮೀಟರ್ ಆದ ಮೇಲೆ. ಕಲ್ಲಿಗೂ ಮುಂಚೆ ಒಂದು ಗೀಟೂ ಇಲ್ಲ. ಅಂದ್ರೆ ನಾನು ಬ್ರೇಕ್ ಒತ್ತಿದ್ದು ಎಲ್ಲಾ ಮುಗಿದ ಮೇಲೆ. ನನ್ನ ತಲೆ ಮಾತ್ರ ನನ್ನನ್ನು ಜಾಣ ಡ್ರೈವರ್ ಮಾಡಿ ಕಥೆ ಕಟ್ಟಿತ್ತು. "ಕಂಟ್ರೋಲ್ ಇತ್ತು" ಅನ್ನುವ ಮಾತನ್ನು ನಾನು ಅವತ್ತಿನಿಂದ ಯಾರ ಬಾಯಿಂದ ಬಂದರೂ ಅರ್ಧ ಮಾತ್ರ ನಂಬುತ್ತೇನೆ. ಈಗಿನ ಎಷ್ಟೋ ಕಾರುಗಳಲ್ಲಿ ಏರ್‌ಬ್ಯಾಗಿನ ಕಂಟ್ರೋಲ್ ಪೆಟ್ಟಿಗೆಯೇ ಗುದ್ದುವ ಮುಂಚಿನ ಕೆಲವು ಸೆಕೆಂಡಿನ ವೇಗ, ಬ್ರೇಕ್ ಎಲ್ಲಾ ದಾಖಲಿಸಿಕೊಳ್ಳುತ್ತೆ. ಟೇಪ್ ಹಿಡಿದು ಹೋಗುವ ಕಷ್ಟ ಇಲ್ಲ.

ಗಾಡಿ ಅಲುಗಾಡಲ್ಲ ಅಂದಿರಿ. ನಿಜ ಹೇಳಬೇಕಂದ್ರೆ ನನಗೆ ಭಯ ಆಗುವುದೇ ಅದಕ್ಕೆ. ಹಳೇ ಅಂಬಾಸಿಡರ್ 90 ದಾಟಿದರೆ ಬಾಗಿಲು, ಬಾನೆಟ್ಟು, ಗೇರ್ ಲಿವರ್ ಎಲ್ಲಾ ಸೇರಿ ಗೋಳಾಡುತ್ತಿತ್ತು. ಹೆದರಿ ಕಾಲು ಎತ್ತುತ್ತಿದ್ದೆವು. ಈಗಿನ ಕಾರು ಒಳಗೆ ಕೂತವನಿಗೆ ವೇಗ ತಿಳಿಯದಂತೆ ಮುಚ್ಚಿಡುತ್ತೆ. ರಸ್ತೆಯೂ ಹಾಗೇ. ನಾವು ವೇಗವನ್ನು ಅಳೆಯುವುದು ಹೆಚ್ಚಾಗಿ ಕಣ್ಣಂಚಿನಲ್ಲಿ ಹಿಂದೆ ಸರಿಯುವ ಮರ, ಕಂಬ, ಗೋಡೆಗಳಿಂದ. ಎರಡೂ ಕಡೆ ಜಾಲಿ ಗಿಡ ಮುತ್ತಿಕೊಂಡ ಹಳ್ಳಿ ರಸ್ತೆಯಲ್ಲಿ 70 ಕೂಡ ಹೆದರಿಸುತ್ತೆ. ಕುಷ್ಟಗಿ ಕಡೆಯ ಬಯಲಿನಲ್ಲಿ, ಅಗಲವಾದ ನಾಲ್ಕು ಪಥದಲ್ಲಿ, ಅದೂ ಕತ್ತಲಲ್ಲಿ, ಹಿಂದೆ ಸರಿಯುವಂಥದ್ದು ಏನೂ ಕಾಣದು. ಅರ್ಧ ಗಂಟೆ 140ರಲ್ಲಿ ಹೋದ ಮೇಲೆ 80 ಅಂದ್ರೆ ನಿಂತ ಹಾಗೆ ಅನ್ನಿಸುತ್ತೆ. ಮುಂದಿನ ಸಲ ಊರಿನ ಸರ್ವಿಸ್ ರಸ್ತೆಗೆ ಇಳಿಯುವಾಗ ಮೀಟರ್ ನೋಡಿ. 40 ಅಂದುಕೊಂಡಲ್ಲಿ 65 ತೋರಿಸಿದರೆ ಆಶ್ಚರ್ಯಪಡಬೇಡಿ.

ಇನ್ನು "ಖಾಲಿ ರಸ್ತೆ". ತಮ್ಮಾ, ನಮ್ಮ ಕಡೆ ರಸ್ತೆ ಖಾಲಿ ಇರೋದು ಅಂತ ಇದೆಯಾ? ಹುಣ್ಣಿಮೆ ಹತ್ತಿರ ಬಂದರೆ ಹುಲಿಗಿಯ ಹುಲಿಗೆಮ್ಮನ ಗುಡಿಗೆ ನಡೆದು ಹೋಗುವವರು ರಾತ್ರಿ ತಂಪಿನಲ್ಲೇ ಹೊರಡುತ್ತಾರೆ, ಮೈಮೇಲೆ ಹೊಳೆಯುವ ಪಟ್ಟಿ ಇರಲ್ಲ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೊರಟ ಪಾದಯಾತ್ರೆ. ಗಂಗಾವತಿ, ಸಿಂಧನೂರು ಕಡೆ ಭತ್ತದ ಸುಗ್ಗಿ ಬಂತೆಂದರೆ ಹಿಂದಿನ ಲೈಟು ಕೆಟ್ಟ ಟ್ರ್ಯಾಕ್ಟರ್, ಮತ್ತೆ ರಸ್ತೆಯ ಅರ್ಧ ಅಗಲ ತಿನ್ನುವ ಭತ್ತ ಕೊಯ್ಯುವ ಮಷಿನ್. ಇಳಕಲ್ ಕಡೆಯ ಗ್ರಾನೈಟ್ ಕಲ್ಲು ಹೊತ್ತ ಲಾರಿ ಏರಿನಲ್ಲಿ 30ಕ್ಕೆ ತೆವಳುತ್ತಿರುತ್ತೆ. ನೀವು 140ರಲ್ಲಿ ಬಂದರೆ ಅದು 110ರಲ್ಲಿ ಹಿಮ್ಮುಖವಾಗಿ ನಿಮ್ಮ ಮೇಲೆ ಬಂದ ಹಾಗೆ. ಸರ್ವಿಸ್ ರಸ್ತೆ ಮೇಲೆ ಹುರುಳಿ, ಸಜ್ಜೆ ರಾಶಿ. ಕುರಿ ಹಿಂಡು. ಡಾಬಾಕ್ಕೆ ಹೋಗಲು ರಾಂಗ್ ಸೈಡಿನಲ್ಲಿ ಬರುವ ಬೈಕು, ಅದರ ಮೇಲೆ ಮೂವರು.

ಅವರದ್ದು ತಪ್ಪಲ್ವಾ ಅಂತ ಕೇಳಬಹುದು. ಕೆಲವರದ್ದು ಖಂಡಿತ ತಪ್ಪು. ಆದರೆ ನೀವು 140ರಲ್ಲಿ ಇರುವ ವಿಷಯ ಅವರಿಗೂ ಗೊತ್ತಿಲ್ಲ. ದೂರದಲ್ಲಿ ಲೈಟ್ ನೋಡಿ ಹಳ್ಳಿಯ ಮುದುಕಪ್ಪ ಅಂದಾಜು ಹಾಕುವುದು 70–80ರ ಗಾಡಿ ಅಂತ. "ಇನ್ನೂ ದೂರ ಐತಿ" ಅಂತ ರಸ್ತೆಗೆ ಕಾಲಿಡುತ್ತಾನೆ. ಅವನ ಲೆಕ್ಕ ಅವನ ಜೀವನದ ಅನುಭವದಿಂದ ಬಂದಿದ್ದು. ಅದನ್ನು ಸುಳ್ಳು ಮಾಡುತ್ತಿರುವವರು ನೀವು.

ಒಂದು ಗೀರೂ ಬಿದ್ದಿಲ್ಲ ಅಂದಿರಲ್ಲ, ಅದು ಸಂತೋಷ. ವಾರಕ್ಕೊಂದು ಸಲ ಅಂದ್ರೆ ವರ್ಷಕ್ಕೆ ಐವತ್ತು ಸಲ. ಐವತ್ತು ರಾತ್ರಿ ರಸ್ತೆ ಮೇಲೆ ಏನೂ ಇರಲಿಲ್ಲ. ಅದು ರಸ್ತೆಯ ಬಗ್ಗೆ ಹೇಳುತ್ತೆ. ನಿಮ್ಮ ಡ್ರೈವಿಂಗ್ ಬಗ್ಗೆ ಅಲ್ಲ.

ನೀವು ಬರೆದಿಲ್ಲ, ಆದರೆ ನಾನು ಕೇಳಲೇಬೇಕಾದ ಎರಡು ವಿಷಯ. ಒಂದು ನಿದ್ದೆ. ಎಂಟು ಗಂಟೆ ದುಡಿದು ರಾತ್ರಿ ಹನ್ನೊಂದಕ್ಕೆ ಸ್ಟೇರಿಂಗ್ ಹಿಡಿಯುತ್ತೀರಿ. ಕಣ್ಣು ತೆರೆದಿದ್ದರೂ ಮೆದುಳು ಎರಡು ಮೂರು ಸೆಕೆಂಡ್ ಮಲಗಿಬಿಡುವುದು ದಣಿದವರಿಗೆ ಮಾಮೂಲಿ. 140ರಲ್ಲಿ ಮೂರು ಸೆಕೆಂಡ್ ಅಂದ್ರೆ 117 ಮೀಟರ್, ಡ್ರೈವರ್ ಇಲ್ಲದೆ. ಎಸಿ ಜೋರು ಮಾಡುವುದು, ಹಾಡು ಹಾಕುವುದು ಇದಕ್ಕೆ ಮದ್ದಲ್ಲ. ಗಾಡಿ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗುವುದು ಮದ್ದು.

ಇನ್ನೊಂದು ಟೈರ್. ನಮ್ಮ ಬಿಸಿಲು ನಿಮಗೆ ಹೇಳಬೇಕಿಲ್ಲ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತೆ, ಡಾಂಬರು ಅದಕ್ಕಿಂತ ಬಹಳ ಕಾಯುತ್ತೆ. ಟೈರ್ ಒಡೆಯುವುದು ಗಾಳಿ ಜಾಸ್ತಿಯಾಗಿ ಅಂತ ಎಲ್ಲರೂ ಅಂದುಕೊಂಡಿದ್ದಾರೆ, ಅದಕ್ಕೇ ಬೇಸಿಗೆಯಲ್ಲಿ ಗಾಳಿ ಇಳಿಸುತ್ತಾರೆ. ತಪ್ಪು. ನಾನು ಕೈಯಲ್ಲಿ ಹಿಡಿದು ನೋಡಿದ ಒಡೆದ ಟೈರುಗಳಲ್ಲಿ ಹೆಚ್ಚಿನವು ಗಾಳಿ ಕಡಿಮೆ ಇದ್ದವು. ಗಾಳಿ ಕಡಿಮೆ ಇದ್ದರೆ ಟೈರಿನ ಗೋಡೆ ಪ್ರತಿ ಸುತ್ತಿಗೂ ಬಾಗುತ್ತೆ, ಬಾಗಿ ಬಾಗಿ ಒಳಗೇ ಕಾಯುತ್ತೆ, ಕೊನೆಗೆ ಪದರ ಬಿಡುತ್ತೆ. ವೇಗ ಜಾಸ್ತಿಯಾದಷ್ಟೂ ಕಾವು ಜಾಸ್ತಿ. ಡ್ರೈವರ್ ಬಾಗಿಲಿನ ಕಂಬದ ಮೇಲೆ ಗಾಳಿ ಎಷ್ಟಿರಬೇಕು ಅಂತ ಚೀಟಿ ಅಂಟಿಸಿರುತ್ತಾರೆ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಅಷ್ಟು ಹಾಕಿಸಿ. ಟೈರಿನ ಮೇಲೆ ಅಳತೆಯ ಕೊನೆಯಲ್ಲಿ ಒಂದು ಅಕ್ಷರ ಇರುತ್ತೆ. 'ಎಸ್' ಅಂದ್ರೆ 180, 'ಟಿ' ಅಂದ್ರೆ 190, 'ಎಚ್' ಅಂದ್ರೆ 210 ಕಿ.ಮೀ. ತನಕ. ಇದನ್ನು ತೋರಿಸಿ "ನೋಡಿ, 190ಕ್ಕೆ ಪಾಸ್" ಅನ್ನಬೇಡಿ. ಸರಿಯಾದ ಗಾಳಿ, ಸರಿಯಾದ ಭಾರ ಇರುವ ಗಟ್ಟಿ ಟೈರಿನ ಮಾತು ಅದು. ಕಳೆದ ತಿಂಗಳು ಗುಂಡಿಗೆ ಬಿದ್ದು ಪಕ್ಕೆ ಉಬ್ಬಿದ ಟೈರಿನ ಮಾತಲ್ಲ.

ಕಾನೂನಿನ ಮಾತು ಚಿಕ್ಕದಾಗಿ. ಕೇಂದ್ರ 2018ರಲ್ಲಿ ಹೊರಡಿಸಿದ ಆದೇಶದ ಪ್ರಕಾರ ಮಧ್ಯೆ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ ಹೆಚ್ಚೆಂದರೆ 100, ಬೈಕಿಗೆ 80. ಬೋರ್ಡ್ ಇದಕ್ಕಿಂತ ಕಡಿಮೆ ತೋರಿಸಿದ ಕಡೆ ಬೋರ್ಡಿನದ್ದೇ ಲೆಕ್ಕ. ನಮ್ಮ ರಾಜ್ಯದಲ್ಲಿ 2024ರ ಆಗಸ್ಟ್ 1ರಿಂದ 130 ದಾಟಿದವರ ಮೇಲೆ ಎಫ್‌ಐಆರ್ ಹಾಕುವುದಾಗಿ ಪೊಲೀಸರು ಪ್ರಕಟಿಸಿದ್ದರು. ಬರೀ ದಂಡದಲ್ಲಿ ಮುಗಿಯಲ್ಲ. ಕಂಪನಿ ಕೆಲಸದಲ್ಲಿ ಇರುವವರಿಗೆ, ಪಾಸ್‌ಪೋರ್ಟ್ ಮಾಡಿಸಬೇಕು ಅನ್ನುವವರಿಗೆ ಎಫ್‌ಐಆರ್ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾ?

ಇಷ್ಟೆಲ್ಲಾ ಮಾಡಿ ಉಳಿಯುವುದು ಎಷ್ಟು? ಹೊಸಪೇಟೆಯಿಂದ ಕುಷ್ಟಗಿಗೆ ಸುಮಾರು 60 ಕಿ.ಮೀ. 100ರಲ್ಲಿ 36 ನಿಮಿಷ. ಒಂದು ಕಡೆಯೂ ಕಾಲೆತ್ತದೆ 140ರಲ್ಲಿ ಹೋದರೆ ಸುಮಾರು 26 ನಿಮಿಷ. ಹತ್ತು ನಿಮಿಷ. ಒಂದು ಪ್ಲೇಟ್ ಮಂಡಕ್ಕಿ ಮಿರ್ಚಿ, ಒಂದು ಚಹಾ. ಆದರೆ ನೀವು ಸಮಯಕ್ಕಾಗಿ ಓಡಿಸುತ್ತಿಲ್ಲ, ಖುಷಿಗಾಗಿ ಓಡಿಸುತ್ತಿದ್ದೀರಿ ಅಂತ ನನಗೂ ಗೊತ್ತು. ಹಾಗಾಗಿ ಈ ಲೆಕ್ಕ ನಿಮಗೆ ತಟ್ಟಲ್ಲ.

ಖುಷಿಗೆ ಬೇರೆ ದಾರಿ ಇದೆ. ಕೊಯಮತ್ತೂರಿನಲ್ಲಿ ಕಾರಿ ಮೋಟಾರ್ ಸ್ಪೀಡ್‌ವೇ ಇದೆ, ಚೆನ್ನೈ ಹತ್ತಿರ ಶ್ರೀಪೆರಂಬದೂರು ಕಡೆ ಇನ್ನೊಂದು ರೇಸ್ ಟ್ರ್ಯಾಕ್ ಇದೆ. ನಮ್ಮಿಂದ ದೂರವೇ, ಒಪ್ಪುತ್ತೇನೆ. ಸಾಮಾನ್ಯ ಜನ ತಮ್ಮ ಗಾಡಿ ಓಡಿಸುವ ದಿನಗಳೂ ಅಲ್ಲಿ ಆಗಾಗ ಇರುತ್ತವೆ. ವರ್ಷಕ್ಕೆ ಒಂದು ಸಲ ಗೆಳೆಯರು ದುಡ್ಡು ಹಾಕಿಕೊಂಡು ಹೋಗಿ ಬನ್ನಿ. ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ. ಜಾರಿದರೆ ಬಯಲಿದೆ. ಬಾವುಟ ಹಿಡಿದವರು, ಆಂಬುಲೆನ್ಸ್ ಕಾದಿರುತ್ತಾರೆ. ಕಲ್ಲು ಆರಿಸಿರುತ್ತಾರೆ. ಎರಡು ಸುತ್ತು ಹೊಡೆದ ಮೇಲೆ ಹಿಂದಿನಿಂದ ಹಳೇ ಗಾಡಿಯವನೊಬ್ಬ ಸಲೀಸಾಗಿ ನಿಮ್ಮನ್ನು ದಾಟಿ ಹೋಗುತ್ತಾನೆ. ಕಂಟ್ರೋಲ್ ಅಂದ್ರೆ ಏನು ಅಂತ ಆಗ ತಿಳಿಯುತ್ತೆ. ನೇರ ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತುವುದಕ್ಕೆ ಕಾಲು ಸಾಕು, ಕಲಿಯುವುದು ಏನೂ ಇಲ್ಲ. ಅಷ್ಟು ದೂರ ಆಗಲ್ಲ ಅಂದ್ರೆ ಬೆಂಗಳೂರಿನಲ್ಲಿ ಗೋ-ಕಾರ್ಟ್ ಓಡಿಸಿ ನೋಡಿ. ನೆಲಕ್ಕೆ ಅಂಟಿಕೊಂಡು ಕೂತಾಗ 50 ಕೂಡ 140ರ ಹಾಗೆ ಅನ್ನಿಸುತ್ತೆ. ಟಿಎಸ್‌ಡಿ ರ‍್ಯಾಲಿ ಅಂತ ಇನ್ನೊಂದಿದೆ. ಅಲ್ಲಿ ಹೇಳಿದ ಸಮಯಕ್ಕೆ ಸರಿಯಾಗಿ ತಲುಪಬೇಕು, ಬೇಗ ಬಂದರೂ ಅಂಕ ಕಳೆಯುತ್ತಾರೆ. ನನಗೆ ಇಷ್ಟವಾದ ಆಟ ಅದೇ.

ನನ್ನ ವೃತ್ತಿಯ ಕಡೆಯಿಂದ ಒಂದು ಎಚ್ಚರಿಕೆ. ನಿಮ್ಮ ವಿಮೆ ಕಾಗದದಲ್ಲಿ ಗಾಡಿಯನ್ನು ಯಾವುದಕ್ಕೆ ಬಳಸಬಾರದು ಅನ್ನುವ ಪಟ್ಟಿ ಇರುತ್ತೆ. ಏರ್ಪಡಿಸಿದ ರೇಸ್, ವೇಗ ಪರೀಕ್ಷೆ ಎರಡೂ ಅದರಲ್ಲಿವೆ. ಹಾಗಾಗಿ ಟ್ರ್ಯಾಕಿನಲ್ಲಿ ಆದ ಡ್ಯಾಮೇಜ್ ನಿಮ್ಮ ಖರ್ಚೇ. ಹೈವೇಯಲ್ಲಿ ಗೆಳೆಯರು ಮೀಟರಿನ ವಿಡಿಯೊ ಮಾಡಿ "ಟಾಪ್ ಸ್ಪೀಡ್ ಟೆಸ್ಟ್" ಅಂತ ಹೆಸರಿಟ್ಟು ಹಾಕುವುದೂ ಬೇಡ. ಕ್ಲೇಮ್ ಸಮಯದಲ್ಲಿ ಅದು ನಿಮ್ಮ ವಿರುದ್ಧದ ಕಾಗದ ಆಗಬಹುದು.

ಬೀಪ್ ಬಗ್ಗೆ ಕೇಳಿದ್ದಿರಿ. ತೆಗೆಸಬೇಡಿ. 2019ರ ಜುಲೈನಿಂದ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯ, 80 ದಾಟಿದರೆ ಆಗಾಗ, 120 ದಾಟಿದರೆ ಬಿಡದೆ. ಆ ಶಬ್ದ ಕಿರಿಕಿರಿ ಆಗಲಿ ಅಂತಲೇ ಹಾಗೆ ಮಾಡಿದ್ದಾರೆ. ಹಳೇ ಅಂಬಾಸಿಡರ್‌ನ ಗೋಳಾಟಕ್ಕೆ ಬದಲು ಈಗ ಅದೊಂದೇ ಉಳಿದಿರುವುದು. ತಂತಿ ಕಿತ್ತರೆ ಗಾಡಿಯ ವಾರಂಟಿಗೂ ತಕರಾರು ಬರಬಹುದು.

ಅಪ್ಪನ ವಿಷಯಕ್ಕೆ ನಾನು ತಲೆ ಹಾಕಲ್ಲ. ಆದರೆ ಮುಂದಿನ ಶನಿವಾರ 95ರಲ್ಲಿ ಹೋಗಿ. ಭಾನುವಾರ ಬೆಳಿಗ್ಗೆ ಟೈರ್ ತಣ್ಣಗಿರುವಾಗ ಅವರನ್ನೇ ಕರೆದುಕೊಂಡು ಗಾಳಿ ಹಾಕಿಸಲು ಹೋಗಿ. ಟೈರಿನ ಗೋಡೆ ಮೇಲೆ, ಸಾಮಾನ್ಯವಾಗಿ ಸಣ್ಣ ಅಂಡಾಕಾರದ ಗೆರೆಯೊಳಗೆ, ನಾಲ್ಕು ಅಂಕಿ ಇರುತ್ತೆ. ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. ನಾಲ್ಕೂ ಟೈರಿನ ಅಂಕಿ ಬರೆದು ಕಳಿಸಿ, ಸ್ಟೆಪ್ನಿಯದ್ದೂ ಸೇರಿಸಿ. ಯಾವುದು ಇನ್ನೂ ಎಷ್ಟು ದಿನ ಬರುತ್ತೆ ಅಂತ ಹೇಳ್ತೀನಿ.